ಬರೋಕ್ ವಯಲಿನ್ ಸೊನಾಟಾ: ಒಂದು ಮೂವ್‌ಮೆಂಟಿನ ಟೆಂಪೊ, ಕೀ, ಭಾವ ಕಂಡುಹಿಡಿಯುವುದು ಹೇಗೆ?

ಬರೋಕ್ ಕಾಲದ (ಸುಮಾರು 1600ರಿಂದ 1750) ಜರ್ಮನ್ ಸಂಯೋಜಕ ಬಾಖ್ 1720ರಲ್ಲಿ ತನ್ನ ಒಂಟಿ ವಯಲಿನ್ ಸೊನಾಟಾಗಳನ್ನು (ಹಲವು ಮೂವ್‌ಮೆಂಟ್‌ಗಳ, ಅಂದರೆ ಬಿಡಿ ಭಾಗಗಳ, ವಾದ್ಯಕೃತಿಗಳನ್ನು) ಕೈಯಾರೆ, ನೀಟಾಗಿ ಪ್ರತಿ ಮಾಡಿಟ್ಟ. ಮೊದಲ ಸೊನಾಟಾದ ಮೊದಲ ಸಾಲಿನ ಮೇಲೆ ಹೇಗೆ ನುಡಿಸಬೇಕು ಅನ್ನುವುದಕ್ಕೆ ಇರುವುದು ಒಂದೇ ಪದ: ಅಡಾಜಿಯೊ, ನಿಧಾನ ನಡೆಯ ಇಟಾಲಿಯನ್ ಪದ. ಮೆಟ್ರೊನೋಮ್ (ನಿಮಿಷಕ್ಕೆ ಇಷ್ಟು ಬೀಟ್ ಅಂತ ಬಡಿದು ತೋರಿಸುವ ಯಂತ್ರ) ಸಂಖ್ಯೆ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ, ಮೆಲ್ಟ್ಸೆಲ್ ಮೆಟ್ರೊನೋಮ್‌ಗೆ ಪೇಟೆಂಟ್ ಪಡೆದದ್ದೇ 1815ರಲ್ಲಿ. ಜೋರು, ಮೆಲ್ಲಗೆ ಅನ್ನುವ ಗುರುತೂ ಇಲ್ಲ. ಕೀ ಸಿಗ್ನೇಚರ್‌ನಲ್ಲಿ ಒಂದೇ ಒಂದು ಫ್ಲ್ಯಾಟ್ ಇದೆ. ಇವತ್ತಿನ ಥಿಯರಿ ಪಾಠದ ಪ್ರಕಾರ ಅದು ಎಫ್ ಮೇಜರ್ ಆಗಬೇಕು, ಇಲ್ಲವೇ ಡಿ ಮೈನರ್ ಆಗಬೇಕು. ಆದರೆ ಈ ಮೂವ್‌ಮೆಂಟ್ ಇರುವುದು ಜಿ ಮೈನರ್‌ನಲ್ಲಿ.

ಬರೋಕ್ ಸಂಗೀತದ ಪುಟಗಳು ಹೀಗೇ. ಹೇಳುವುದು ಕಮ್ಮಿ, ಓದುವವನಿಗೆ ಗೊತ್ತಿದೆ ಅಂತ ಬಿಟ್ಟಿದ್ದು ಜಾಸ್ತಿ. ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂನ ಪಾಶ್ಚಾತ್ಯ ಸಂಗೀತ ಪರೀಕ್ಷೆಗೆ ಆ ಕಾಲದ ಸಂಯೋಜಕರಾದ ಕೊರೆಲ್ಲಿಯನ್ನೋ ಹ್ಯಾಂಡೆಲ್‌ನನ್ನೋ ಕಲಿಯುತ್ತಿರುವವರಿಗೆ, ಕರ್ನಾಟಕ ಸಂಗೀತ ಗೊತ್ತಿದ್ದು ಈ ಕಡೆ ಕುತೂಹಲ ಇರುವವರಿಗೆ, ಸುಮ್ನೆ ಕೇಳಿ ಖುಷಿಪಡುವವರಿಗೆ ಈ ಮಾರ್ಗದರ್ಶಿ. ಸ್ಟಾಫ್ ನೋಟೇಶನ್ ಅಲ್ಪಸ್ವಲ್ಪ ಓದಲು ಬಂದರೆ ಸಾಕು.

ನನ್ನ ವಾದ ಇಷ್ಟೇ: ಮೊದಲು ವಯಲಿನ್ ಸಾಲು ನೋಡಬೇಡಿ, ಕೆಳಗಿನ ಬಾಸ್ ಸಾಲು, ಅಂದರೆ ಜೊತೆಗಾರ ವಾದ್ಯದ ತಗ್ಗು ಸ್ವರಗಳ ಸಾಲು ನೋಡಿ. ಕೀ ಯಾವುದು, ವೇಗ ಎಷ್ಟು, ಭಾವ ಏನು ಅನ್ನುವ ಮೂರಕ್ಕೂ ಬಹುಪಾಲು ಉತ್ತರ ಅಲ್ಲೇ ಇರುತ್ತದೆ. ಒಂಟಿ ವಯಲಿನ್‌ನಲ್ಲಿ ಬಾಸ್ ಎಲ್ಲಿದೆ ಅಂತ ಕೇಳುತ್ತೀರಿ ಅಲ್ವಾ? ಅದಕ್ಕೆ ಆಮೇಲೆ ಬರೋಣ.

ಮೊದಲು ಒಳ್ಳೆಯ ಪ್ರತಿ ಹುಡುಕಿ

ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಈ ಕಾಲದ ಹೆಚ್ಚಿನ ಕೃತಿಗಳು ಉಚಿತವಾಗಿ ಸಿಗುತ್ತವೆ. ಬಾಖ್‌ನ ಕೈಬರಹದ ಪ್ರತಿಯ ಚಿತ್ರಗಳೂ, ಕೊರೆಲ್ಲಿಯ ಹಳೆಯ ಮುದ್ರಣಗಳೂ ಅಲ್ಲಿವೆ. ಆದರೆ ಜೊತೆಗೇ ಹತ್ತೊಂಬತ್ತನೇ ಶತಮಾನದ ಸಂಪಾದಕರು ತಮಗೆ ತೋಚಿದಂತೆ ಸ್ಲರ್ (ಸ್ವರಗಳನ್ನು ಒಂದೇ ಬಿಲ್ಲಿನಲ್ಲಿ ಕೂಡಿಸುವ ಗೆರೆ), ಕ್ರೆಶೆಂಡೊ (ದನಿ ಏರಿಸುವ ಗುರುತು), ಬೆರಳಿನ ಗುರುತು, ಕೆಲವೊಮ್ಮೆ ಮೆಟ್ರೊನೋಮ್ ಸಂಖ್ಯೆಯನ್ನೂ ಸೇರಿಸಿದ ಪ್ರತಿಗಳೂ ಇರುತ್ತವೆ. ಅವನ್ನು ಸಂಯೋಜಕನ ಮಾತು ಅಂದುಕೊಂಡರೆ ಲೆಕ್ಕ ಶುರುವಿನಲ್ಲೇ ತಪ್ಪುತ್ತದೆ. ಉರ್‌ಟೆಕ್ಸ್ಟ್ (ಸಂಯೋಜಕ ಬರೆದದ್ದಕ್ಕೆ ನಿಷ್ಠವಾದ ಮೂಲ ಪಠ್ಯ) ಅಂತ ಬರೆದಿರುವ ಪ್ರತಿ ಸಿಕ್ಕರೆ ಅದನ್ನೇ ಹಿಡಿಯಿರಿ. ಕಲಿಕೆಯ ಪುಸ್ತಕದಲ್ಲಿ ಬರುವ ಸೊನಾಟಾ ಆದರೆ, ಉದಾಹರಣೆಗೆ ಸುಝುಕಿ ವಯಲಿನ್ ಪಾಠಮಾಲೆಯ ಆರನೇ ಪುಸ್ತಕದಲ್ಲಿರುವ ಹ್ಯಾಂಡೆಲ್‌ನ ಡಿ ಮೇಜರ್ ಸೊನಾಟಾ, ಪಕ್ಕದಲ್ಲಿ ಮೂಲ ಪಠ್ಯವನ್ನೂ ತೆರೆದಿಟ್ಟುಕೊಳ್ಳಿ.

ಇನ್ನು ಬೇಕಾದದ್ದು ಒಂದು ಪೆನ್ಸಿಲ್, ಫೋನಿನ ಸ್ಟಾಪ್‌ವಾಚ್, ಒಂದೆರಡು ರೆಕಾರ್ಡಿಂಗ್. ರೆಕಾರ್ಡಿಂಗ್ ಕೊನೆಗೆ ಕೇಳಿ, ಮೊದಲೇ ಬೇಡ. ಒಮ್ಮೆ ಕಿವಿಗೆ ಬಿದ್ದ ವೇಗ ತಲೆಯಿಂದ ಇಳಿಯುವುದಿಲ್ಲ.

ಹೆಜ್ಜೆ 1: ಕೀ ಹುಡುಕಲು ಕೊನೆಯಿಂದ ಶುರು ಮಾಡಿ

ಬಾಸ್ ಸಾಲಿನ ಕಟ್ಟಕಡೆಯ ಸ್ವರ ನೋಡಿ. ಅದು ಜಿ ಆಗಿದ್ದರೆ ಮೂವ್‌ಮೆಂಟ್ ಬಹುತೇಕ ಜಿಯಲ್ಲಿದೆ. ಮೇಜರೋ ಮೈನರೋ ಅನ್ನುವುದಕ್ಕೆ ಮೊದಲ ಅಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ನೋಡಿ, ಕೊನೆಯದಲ್ಲ. ಮೈನರ್ ಮೂವ್‌ಮೆಂಟನ್ನು ಮೇಜರ್ ಅಕಾರ್ಡ್‌ನಲ್ಲಿ ಮುಗಿಸುವ ಪದ್ಧತಿ ಆಗ ಇತ್ತು. ಕೊನೆಯಲ್ಲಿ ಇದ್ದಕ್ಕಿದ್ದಂತೆ ಬೆಳಕು ಬಂದ ಹಾಗೆ ಕೇಳಿಸುತ್ತದಲ್ಲ, ಅದೇ.

ಇದರಲ್ಲಿ ಒಂದು ಬಲೆ ಇದೆ. ಸೊನಾಟಾದ ನಡುವಿನ ನಿಧಾನ ಮೂವ್‌ಮೆಂಟ್‌ಗಳು ಎಷ್ಟೋ ಸಲ ತಮ್ಮ ಸ್ವಂತ ಕೀಯಲ್ಲಿ ಮುಗಿಯುವುದೇ ಇಲ್ಲ. ಕೀಯ ಐದನೇ ಸ್ವರದ, ಅಂದರೆ ಪಂಚಮದ ಅಕಾರ್ಡ್ ಮೇಲೆ ನಿಂತುಬಿಡುತ್ತವೆ. ಮಾತು ಮುಗಿಸದೆ ಮುಂದಿನ ವೇಗದ ಮೂವ್‌ಮೆಂಟಿಗೆ ಬಾಗಿಲು ತೆರೆದಿಟ್ಟಂತೆ. ಬಾಸ್ ಅರ್ಧ ಸ್ವರ ಕೆಳಗಿಳಿದು ಒಂದು ಮೇಜರ್ ಅಕಾರ್ಡ್ ಮೇಲೆ ನಿಂತಿದೆ, ಮೇಲೆ ಫರ್ಮಾಟಾ (ಸ್ವರವನ್ನು ಎಳೆದು ನಿಲ್ಲಿಸುವ ಗುರುತು) ಇದೆ ಅಂದರೆ ಇದೇ ಸಂಗತಿ ಅಂತ ಅನುಮಾನಿಸಿ. ಆಗ ಕೊನೆಯ ಸ್ವರದಿಂದ ಐದು ಮೆಟ್ಟಿಲು ಕೆಳಗೆ ಎಣಿಸಿ. ಬಿ ಮೇಲೆ ನಿಂತಿದ್ದರೆ ಕೀ ಇ ಮೈನರ್. ಬಾಖ್‌ನ ಮೂರನೇ ಬ್ರಾಂಡೆನ್‌ಬರ್ಗ್ ಕಾಂಚೆರ್ಟೊದ ನಡುವಿನ ಅಡಾಜಿಯೊ ಇದರ ತೀರಾ ಬೆತ್ತಲೆ ರೂಪ. ಇಡೀ ಮೂವ್‌ಮೆಂಟ್ ಅಂದರೆ ಒಂದೇ ಬಾರ್, ಎರಡೇ ಅಕಾರ್ಡ್.

ಹೆಜ್ಜೆ 2: ಕೀ ಸಿಗ್ನೇಚರನ್ನು ಅರ್ಧ ಮಾತ್ರ ನಂಬಿ

ಬಾಖ್‌ನ ಜಿ ಮೈನರ್‌ಗೆ ಎರಡು ಫ್ಲ್ಯಾಟ್ ಇರಬೇಕಿತ್ತು, ಬಿ ಮತ್ತು ಇ. ಬರೆದಿರುವುದು ಬಿ ಒಂದೇ. ಇ ಫ್ಲ್ಯಾಟ್ ಬೇಕಾದ ಕಡೆ ಆಯಾ ಸ್ವರದ ಪಕ್ಕದಲ್ಲೇ ಗುರುತು ಹಾಕಲಾಗಿದೆ. ಇದು ಕೈತಪ್ಪಲ್ಲ. ಹಳೆಯ ಚರ್ಚ್ ಮೋಡ್‌ಗಳ (ಮೇಜರ್, ಮೈನರ್‌ಗಿಂತ ಹಿಂದಿನ ಸ್ವರಶ್ರೇಣಿಗಳ) ಕಾಲದಿಂದ ಉಳಿದ ಬರೆಯುವ ಅಭ್ಯಾಸ. ಜಿಯಿಂದ ಶುರುವಾಗುವ ಡೋರಿಯನ್ ಮೋಡ್‌ಗೆ ಒಂದೇ ಫ್ಲ್ಯಾಟ್ ಸಾಕಿತ್ತು, ಮೈನರ್ ಕೀ ಬಂದ ಮೇಲೂ ಕೈ ಹಳೆಯ ದಾರಿಯಲ್ಲೇ ನಡೆಯಿತು. ಹಾಗಾಗಿ 1750ಕ್ಕಿಂತ ಹಿಂದಿನ ಮೈನರ್ ಮೂವ್‌ಮೆಂಟ್‌ನಲ್ಲಿ ಒಂದು ಫ್ಲ್ಯಾಟ್ ಕಮ್ಮಿ ಕಂಡರೆ ಗಾಬರಿ ಬೇಡ.

ಹಾಗಾದರೆ ಯಾವುದನ್ನು ನಂಬುವುದು? ಮೊದಲ ನಾಲ್ಕೈದು ಬಾರ್‌ಗಳಲ್ಲಿ ಬರುವ ಬಿಡಿ ಶಾರ್ಪ್‌ಗಳನ್ನು. ಮೈನರ್‌ನಲ್ಲಿ ಷಡ್ಜಕ್ಕೆ ಸೇರುವ ಮುಂಚಿನ ಸ್ವರ, ನಮ್ಮ ಲೆಕ್ಕದಲ್ಲಿ ನಿಷಾದ, ಅರ್ಧ ಮೆಟ್ಟಿಲು ಏರುತ್ತದೆ. ಮತ್ತೆ ಮತ್ತೆ ಎಫ್ ಶಾರ್ಪ್ ಬಂದು ಜಿಗೆ ಸೇರುತ್ತಿದ್ದರೆ ಜಿ ಮೈನರ್ ಅಂತ ಗಟ್ಟಿಯಾಗಿ ಹೇಳಬಹುದು. ಕರ್ನಾಟಕ ಸಂಗೀತ ಗೊತ್ತಿದ್ದವರಿಗೆ ಇದು ಸುಲಭ. ಮೇಜರ್ ಅಂದರೆ ಶಂಕರಾಭರಣದ ಸ್ವರಗಳು. ಮೈನರ್‌ಗೆ ಮೂರು ಮುಖ: ಇಳಿಯುವಾಗ ನಟಭೈರವಿ, ಅಕಾರ್ಡ್ ಕಟ್ಟುವಾಗ ಕೀರವಾಣಿ, ಮೇಲೇರುವಾಗ ಗೌರಿಮನೋಹರಿ. ಒಂದೇ ಮೂವ್‌ಮೆಂಟ್‌ನಲ್ಲಿ ಮೂರೂ ಬರುತ್ತವೆ. ಹೋಲಿಕೆ ಸ್ವರಸ್ಥಾನಕ್ಕಷ್ಟೇ, ರಾಗಭಾವವನ್ನು ಇಲ್ಲಿ ಹುಡುಕಲು ಹೋಗಬೇಡಿ.

ಬಾಸ್ ಸಾಲಿನ ಕೆಳಗೆ ಪುಟ್ಟ ಅಂಕಿಗಳಿವೆಯೇ ನೋಡಿ. 6, 7, ಜೊತೆಗೆ ಶಾರ್ಪ್ ಗುರುತುಗಳು. ಹಾರ್ಪ್ಸಿಕಾರ್ಡ್ ನುಡಿಸುವವರು ಯಾವ ಅಕಾರ್ಡ್ ತುಂಬಬೇಕು ಅನ್ನುವುದಕ್ಕೆ ಇವು ಸಂಕೇತ. ಅಂಕಿ ಇಲ್ಲದೆ ಬರೀ ಒಂದು ಶಾರ್ಪ್ ಇದ್ದರೆ, ಆ ಬಾಸ್ ಸ್ವರದ ಮೇಲೆ ಮೇಜರ್ ಅಕಾರ್ಡ್ ಹಿಡಿ ಅಂತ ಅರ್ಥ. ಮೈನರ್ ಮೂವ್‌ಮೆಂಟಲ್ಲಿ ಇದು ಹೆಚ್ಚಾಗಿ ಐದನೇ ಸ್ವರದ ಮೇಲೆಯೇ ಬರುತ್ತದೆ. ಡಿ ಕೆಳಗೆ ಒಂಟಿ ಶಾರ್ಪ್, ಮುಂದಿನ ಬಾಸ್ ಸ್ವರ ಜಿ: ಕೀ ಕೈಗೆ ಸಿಕ್ಕಿತು.

ಎರಡು ಎಚ್ಚರಿಕೆ. ಬರೋಕ್ ವಾದ್ಯಗಳ ಇವತ್ತಿನ ರೆಕಾರ್ಡಿಂಗ್‌ಗಳಲ್ಲಿ ಎ ಸ್ವರವನ್ನು ಸಾಮಾನ್ಯವಾಗಿ 415 ಹರ್ಟ್ಸ್‌ಗೆ ಶ್ರುತಿ ಮಾಡುತ್ತಾರೆ. ನಮ್ಮ ಕೀಬೋರ್ಡ್‌ಗಳಲ್ಲಿ ಅದು 440. ವ್ಯತ್ಯಾಸ ಹೆಚ್ಚುಕಮ್ಮಿ ಅರ್ಧ ಸ್ವರ. ಹಾಗಾಗಿ ಜಿ ಮೈನರ್ ಸೊನಾಟಾ ನಿಮ್ಮ ಫೋನಿನ ಟ್ಯೂನರ್‌ಗೆ ಎಫ್ ಶಾರ್ಪ್ ಮೈನರ್ ಅಂತ ಕೇಳಿಸುತ್ತದೆ. 392ರಲ್ಲಿ ನುಡಿಸಿದ್ದರೆ ಎಫ್ ಮೈನರ್! ಆ್ಯಪ್ ಹೇಳಿದ್ದನ್ನು ಬರೆದುಕೊಂಡುಬಿಡಬೇಡಿ, ಪುಟ ನೋಡಿ. ಎರಡನೆಯದು, ಹದಿನೇಳನೇ ಶತಮಾನದ ಸಂಯೋಜಕ ಬೀಬರ್‌ನ ರೋಸರಿ ಸೊನಾಟಾಗಳಂಥ ಕೃತಿಗಳಲ್ಲಿ ತಂತಿಗಳನ್ನೇ ಬೇರೆ ಬೇರೆ ಸ್ವರಕ್ಕೆ ಕಟ್ಟುತ್ತಾರೆ. ಅಲ್ಲಿ ಬರೆದಿರುವುದು ಬೆರಳು ಎಲ್ಲಿಡಬೇಕು ಅನ್ನುವುದು, ಕೇಳಿಸುವುದೇ ಬೇರೆ. ವಯಲಿನ್ ಸಾಲು ದಾರಿ ತಪ್ಪಿಸುತ್ತದೆ, ಬಾಸ್ ತಪ್ಪಿಸುವುದಿಲ್ಲ.

ಹೆಜ್ಜೆ 3: ನಡುದಾರಿಯ ನಿಲ್ದಾಣಗಳು

ಎರಡು ಭಾಗಗಳಾಗಿ, ಎರಡಕ್ಕೂ ಮರುಕಳಿಸುವ ಗುರುತಿನೊಂದಿಗೆ ಬರೆದ ಮೂವ್‌ಮೆಂಟ್ ಆದರೆ ಮೊದಲ ಭಾಗದ ಕೊನೆ ನೋಡಿದರೆ ಸಾಕು. ಮೇಜರ್‌ನಲ್ಲಿ ಶುರುವಾದದ್ದು ಸಾಮಾನ್ಯವಾಗಿ ಐದನೇ ಸ್ವರದ ಕಡೆ ಹೋಗಿರುತ್ತದೆ. ಮೈನರ್ ಆದರೆ ಐದನೆಯದಕ್ಕೆ, ಇಲ್ಲವೇ ತನ್ನ ಜೋಡಿ ಮೇಜರ್‌ಗೆ (ಅದೇ ಕೀ ಸಿಗ್ನೇಚರ್‌ನ ಮೇಜರ್). ಉಳಿದ ನಿಲ್ದಾಣಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ಭಾವದ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಹೆಜ್ಜೆ 4: ಟೆಂಪೊ ಪದವನ್ನು ಆ ಕಾಲದವರ ಕಿವಿಯಿಂದ ಕೇಳಿ

ಇವತ್ತಿನ ಮೆಟ್ರೊನೋಮ್ ಮೇಲೆ ಲಾರ್ಗೊ, ಅಡಾಜಿಯೊ, ಅಂಡಾಂಟೆ, ಅಲೆಗ್ರೊ ಅಂತ ನಿಧಾನದಿಂದ ವೇಗಕ್ಕೆ ಒಂದು ಪಟ್ಟಿ ಇರುತ್ತದೆ. ಬರೋಕ್ ಸೊನಾಟಾಗೆ ಆ ಪಟ್ಟಿಯನ್ನು ಅಂಟಿಸಿದರೆ ಕೆಲಸ ಕೆಡುತ್ತದೆ. ಇಂಗ್ಲೆಂಡಿನ ಸಂಯೋಜಕ ಪರ್ಸೆಲ್ 1683ರಲ್ಲಿ ತನ್ನ ಮೂರು ಭಾಗದ ಸೊನಾಟಾಗಳನ್ನು ಅಚ್ಚು ಹಾಕಿಸಿದಾಗ, ಈ ಇಟಾಲಿಯನ್ ಪದಗಳು ಇಂಗ್ಲಿಷರಿಗೆ ಹೊಸವು ಅಂತ ಮುನ್ನುಡಿಯಲ್ಲಿ ವಿವರಣೆ ಕೊಟ್ಟ. ಅದರ ಪ್ರಕಾರ ಅಡಾಜಿಯೊ, ಗ್ರಾವೆ ಅಂದರೆ ತುಂಬಾ ನಿಧಾನ. ಲಾರ್ಗೊ ಅಂದರೆ ನಡುವಿನ ನಡೆ! ಇವತ್ತಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ನಿಧಾನವಾಗಿರುವ ಪದ ಆಗ ಮಧ್ಯದಲ್ಲಿ ಕೂತಿತ್ತು. ಕೊರೆಲ್ಲಿಯ ಲಾರ್ಗೊಗಳನ್ನು ಎಳೆದು ಎಳೆದು ನುಡಿಸುವವರಿಗೆ ಇದನ್ನು ತೋರಿಸಬೇಕು.

ವಿವಾಚೆ ಕಥೆಯೂ ಹೀಗೆಯೇ. ಇವತ್ತು ಅದು ಅಲೆಗ್ರೊಗಿಂತ ಚುರುಕು. ಲಿಯೋಪೋಲ್ಡ್ ಮೋಟ್ಸಾರ್ಟ್ 1756ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅಚ್ಚಾದ ತನ್ನ ವಯಲಿನ್ ಪಾಠಪುಸ್ತಕದಲ್ಲಿ ಅದನ್ನು ವೇಗ ಮತ್ತು ನಿಧಾನದ ನಡುವೆ ಇಡುತ್ತಾನೆ. ಇನ್ನು ಅಲೆಗ್ರೊ ಮೂಲದಲ್ಲಿ ಉಲ್ಲಾಸದ ಹೆಸರು, ಗ್ರಾವೆ ಗಾಂಭೀರ್ಯದ ಹೆಸರು, ಅಫೆಟ್ಟುವೊಸೊ ಅಕ್ಕರೆಯ ಹೆಸರು. ಅಂದರೆ ಸಾಲಿನ ಮೇಲಿರುವ ಪದ ಮೊದಲು ಭಾವ ಹೇಳುತ್ತದೆ, ವೇಗ ಅದರ ಹಿಂದೆ ಬರುತ್ತದೆ. ಪದದ ಪಕ್ಕದಲ್ಲಿ ಸಂಖ್ಯೆ ಬರೆಯುವ ಮುಂಚೆ ಒಂದು ಗುಣವಾಚಕ ಬರೆಯಿರಿ.

ಪದ ಮೂವ್‌ಮೆಂಟಿನ ನಡುವೆ ಬದಲಾಗುವುದೂ ಉಂಟು. ಕೊರೆಲ್ಲಿಯ ಓಪಸ್ 5 (ಅವನ ಐದನೇ ಸಂಪುಟ, ವಯಲಿನ್ ಸೊನಾಟಾಗಳದ್ದು) ರೋಮ್‌ನಲ್ಲಿ 1700ರ ಜನವರಿ 1ರ ತಾರೀಖು ಹೊತ್ತು ಬಂತು. ಅದರ ಮೊದಲ ಸೊನಾಟಾದ ಮೊದಲ ಮೂವ್‌ಮೆಂಟ್ ನೋಡಿ: ಗ್ರಾವೆ, ಅಲೆಗ್ರೊ, ಅಡಾಜಿಯೊ, ಮತ್ತೆ ಗ್ರಾವೆ, ಅಲೆಗ್ರೊ, ಅಡಾಜಿಯೊ. ಡಿ ಮೇಜರ್. ಬಾಸ್ ಒಂದೇ ಸ್ವರ ಹಿಡಿದು ನಿಂತಾಗ ಗಾಂಭೀರ್ಯ, ವಯಲಿನ್ ಅಕಾರ್ಡ್‌ಗಳನ್ನು ಬಿಡಿಸಿ ಓಡಿದಾಗ ಉಲ್ಲಾಸ. ಇಂಥ ಕಡೆ ಇಡೀ ಮೂವ್‌ಮೆಂಟಿಗೆ ಒಂದು ಟೆಂಪೊ ಬರೆಯಲು ಹೋಗಬೇಡಿ.

ಹೆಜ್ಜೆ 5: ಬಾಸ್ ಎಷ್ಟು ಸಲ ಹೆಜ್ಜೆ ಇಡುತ್ತದೆ?

ಪದಕ್ಕಿಂತ ಹೆಚ್ಚು ನಂಬಬೇಕಾದದ್ದು ಇದನ್ನು. ಒಂದು ಬಾರ್‌ನಲ್ಲಿ ಅಕಾರ್ಡ್ ಎಷ್ಟು ಸಲ ಬದಲಾಗುತ್ತದೆ ಎಣಿಸಿ. ಪ್ರತಿ ಕ್ವೇವರ್‌ಗೂ (ಅರ್ಧ ಕ್ರಾಚೆಟ್ ಉದ್ದದ ಸ್ವರ) ಹೊಸ ಅಕಾರ್ಡ್ ಬರುತ್ತಿದ್ದರೆ ಕಿವಿಗೆ ಅವನ್ನು ತೆಗೆದುಕೊಳ್ಳಲು ಸಮಯ ಬೇಕು, ನಿಧಾನ ಮಾಡಲೇಬೇಕು. ಒಂದು ಬಾರ್ ಪೂರ್ತಿ ಒಂದೇ ಅಕಾರ್ಡ್ ಇದ್ದರೆ ನಿಧಾನವಾಗಿ ನುಡಿಸಿದಷ್ಟೂ ನಿದ್ದೆ ಬರುತ್ತದೆ. ಅಂಡಾಂಟೆಯಲ್ಲಿ ಬಾಸ್ ಸಮನಾದ ಕ್ವೇವರ್‌ಗಳಲ್ಲಿ ನಡೆಯುತ್ತಿದ್ದರೆ ಎದ್ದು ನಿಂತು ಕೋಣೆಯಲ್ಲಿ ನಡೆದು ನೋಡಿ. ತಮಾಷೆಗೆ ಹೇಳುತ್ತಿಲ್ಲ, ಆ ಪದವೇ ನಡಿಗೆಯದು.

ಆಮೇಲೆ ಟೈಮ್ ಸಿಗ್ನೇಚರ್. ಬಾಖ್‌ನ ಶಿಷ್ಯ ಕಿರ್ನ್‌ಬರ್ಗರ್ ಮುಂದೆ ಬರ್ಲಿನ್‌ನಲ್ಲಿ ಬರೆದಿಟ್ಟ ತತ್ವ ಹೀಗೆ: ತಾಳದ ಗುರುತು, ಬಳಸಿದ ಸ್ವರಗಳ ಉದ್ದ, ಮೂವ್‌ಮೆಂಟಿನ ಭಾವ, ಮೂರನ್ನೂ ಸೇರಿಸಿ ವೇಗ ತಿಳಿಯಬೇಕು. 3/2 ಭಾರ, 3/4 ಅದಕ್ಕಿಂತ ಹಗುರ, 3/8 ಇನ್ನೂ ಹಗುರ. ಮೂರೂ ಮೂರರ ಎಣಿಕೆಯೇ ಆದರೂ ಬಿಲ್ಲಿನ ತೂಕ ಬೇರೆ.

ಕೊನೆಗೆ ಅತಿ ಚಿಕ್ಕ ಸ್ವರ. ಪುಟದಲ್ಲಿ ಅತ್ಯಂತ ದಟ್ಟವಾಗಿ ಸ್ವರಗಳು ತುಂಬಿರುವ ಜಾಗ ಹುಡುಕಿ ಹಾಡಿ ನೋಡಿ. ಬಾಯಲ್ಲಿ ಗೊಣಗಿದರೂ ಸಾಕು. ಅಲ್ಲಿ ಸ್ವರಗಳು ಒಂದರ ಮೇಲೊಂದು ಬೀಳಬಾರದು. ಹಾಗೆಯೇ ಅತಿ ಉದ್ದದ ಸ್ವರ ಒಂದು ಬಿಲ್ಲಿನಲ್ಲಿ ಸಾಯದೆ ಉಳಿಯಬೇಕು. ಈ ಎರಡರ ನಡುವೆ ನಿಮ್ಮ ವೇಗ ಇದೆ. ಪ್ರತಿ ಒಳ್ಳೆಯ ರಚನೆಯಲ್ಲೂ ಕನಿಷ್ಠ ಒಂದು ಸಾಲಾದರೂ ತನ್ನ ವೇಗವನ್ನು ತಾನೇ ಹೇಳಿಬಿಡುತ್ತದೆ ಅನ್ನುವುದು ಲಿಯೋಪೋಲ್ಡ್ ಮೋಟ್ಸಾರ್ಟ್‌ನ ಅಭಿಪ್ರಾಯ. ಆ ಸಾಲು ಹುಡುಕುವುದೇ ಕೆಲಸ.

ಹೆಸರಿನಲ್ಲಿ ಕುಣಿತ ಇದ್ದರೆ ಅರ್ಧ ಕೆಲಸ ಮುಗಿದಂತೆ. ಜೀಗಾ 6/8 ಅಥವಾ 12/8ರಲ್ಲಿ ಪುಟಿಯುತ್ತದೆ. ಗವೋಟ್ಟಾ ಬಾರ್‌ನ ನಡುವಿನಿಂದ ಶುರುವಾಗುವುದು ಸಾಮಾನ್ಯ. ಸಿಸಿಲಿಯಾನಾ ಅದೇ 12/8, 6/8ರಲ್ಲಿ ಡಾಟ್ ಹಾಕಿದ ಲಯದೊಂದಿಗೆ ತೂಗುತ್ತದೆ. ಸರಬಾಂದ ಮೂರರ ಎಣಿಕೆ, ಎರಡನೇ ಬೀಟ್ ಮೇಲೆ ಒತ್ತು. ಸರಬಾಂದ ಯಾವಾಗಲೂ ನಿಧಾನ ಅಂತ ಮಾತ್ರ ತಿಳಿಯಬೇಡಿ. ಕೊರೆಲ್ಲಿಯ ಓಪಸ್ 5ರಲ್ಲಿ ಅದಕ್ಕೆ ಲಾರ್ಗೊ ಅಂತಿದೆ, 1694ರ ಓಪಸ್ 4ರಲ್ಲಿ ವಿವಾಚೆ ಅಂತ ಬರೆದ ಸರಬಾಂದವೂ ಇದೆ.

ಹೆಜ್ಜೆ 6: ಈಗ ಲೆಕ್ಕ ಹಾಕಿ

ಆ ಕಾಲದ ಒಂದು ಅಳತೆಗೋಲು ನಮಗೆ ಸಿಕ್ಕಿದೆ. ಪ್ರಷ್ಯಾದ ರಾಜ ಫ್ರೆಡ್ರಿಕ್‌ಗೆ ಕೊಳಲು ಕಲಿಸಿದ ಕ್ವಾಂಟ್ಸ್ 1752ರ ತನ್ನ ಪುಸ್ತಕದಲ್ಲಿ, ಆರೋಗ್ಯವಂತನ ನಾಡಿಬಡಿತವನ್ನೇ ಗಡಿಯಾರ ಮಾಡಿಕೊಂಡ. ನಿಮಿಷಕ್ಕೆ ಸುಮಾರು 80. ಸಾಮಾನ್ಯ ನಾಲ್ಕರ ಎಣಿಕೆಯಲ್ಲಿ ಅಲೆಗ್ರೊ ಅಸ್ಸಾಯಿಗೆ ಒಂದು ಮಿನಿಮ್‌ಗೆ (ನಾಲ್ಕು ಕ್ವೇವರ್‌ನಷ್ಟು) ಒಂದು ಬಡಿತ, ಅಲೆಗ್ರೆಟ್ಟೊಗೆ ಒಂದು ಕ್ರಾಚೆಟ್‌ಗೆ (ಎರಡು ಕ್ವೇವರ್‌ನಷ್ಟು) ಒಂದು, ಅಡಾಜಿಯೊ ಕಂಟಾಬಿಲೆಗೆ ಒಂದು ಕ್ವೇವರ್‌ಗೆ ಒಂದು, ಅಡಾಜಿಯೊ ಅಸ್ಸಾಯಿಗೆ ಒಂದು ಕ್ವೇವರ್‌ಗೆ ಎರಡು ಬಡಿತ.

ಇದನ್ನು ಬಾಖ್‌ನ ಜಿ ಮೈನರ್ ಅಡಾಜಿಯೊ ಮೇಲೆ ಇಟ್ಟು ನೋಡೋಣ. ಬಿಡಬ್ಲ್ಯುವಿ (ಬಾಖ್‌ನ ಕೃತಿಪಟ್ಟಿಯ ಸಂಖ್ಯೆ) 1001ರ ಈ ಮೂವ್‌ಮೆಂಟಿನಲ್ಲಿ ಇರುವುದು 22 ಬಾರ್. ಬಾರ್‌ಗೆ 8 ಕ್ವೇವರ್, ಒಟ್ಟು 176. ಕ್ವಾಂಟ್ಸ್‌ನ ಹಾಡುವ ಅಡಾಜಿಯೊದಂತೆ ನಿಮಿಷಕ್ಕೆ 80 ಕ್ವೇವರ್ ಹಿಡಿದರೆ 2 ನಿಮಿಷ 12 ಸೆಕೆಂಡಿಗೆ ಮುಗಿದುಹೋಗುತ್ತದೆ. ತುಂಬಾ ನಿಧಾನದ ಅಡಾಜಿಯೊದಂತೆ 40 ಹಿಡಿದರೆ 4 ನಿಮಿಷ 24 ಸೆಕೆಂಡ್. ಯಾವುದು ಸರಿ?

ಚಿಕ್ಕ ಸ್ವರದ ಪರೀಕ್ಷೆ ಮಾಡಿ. ಇಲ್ಲಿ ಕ್ವೇವರ್‌ನ ಎಂಟನೇ ಒಂದು ಪಾಲಿನಷ್ಟು ಪುಟ್ಟ ಸ್ವರಗಳಿವೆ. 80ರಲ್ಲಿ ಅವು ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಓಡಬೇಕು. ಬೆರಳು ಓಡಬಹುದು, ಕಿವಿಗೆ ಹಾಡು ಅನ್ನಿಸುವುದಿಲ್ಲ. 40ರಲ್ಲಿ ಸೆಕೆಂಡಿಗೆ ಐದರ ಆಸುಪಾಸು, ಆರಾಮಾಗಿ ಹಾಡಬಹುದು. ಆದರೆ ಅಷ್ಟು ನಿಧಾನದಲ್ಲಿ ಅಕಾರ್ಡ್‌ಗಳ ನಡುವಿನ ಎಳೆ ಕಳಚುವ ಭಯ ಇದೆ. ನನಗೆ ಹಿಡಿಸುವುದು 50ರ ಹತ್ತಿರ. ಆಗ ಮೂವ್‌ಮೆಂಟ್ ಮೂರೂವರೆ ನಿಮಿಷ. ಕ್ವಾಂಟ್ಸ್‌ನ ಪುಸ್ತಕ ಬಾಖ್‌ನ ಕೈಬರಹಕ್ಕಿಂತ 32 ವರ್ಷ ಈಚಿನದು, ಅದನ್ನೇ ಕಾನೂನು ಮಾಡಿಕೊಳ್ಳಬೇಕಿಲ್ಲ. ಎರಡು ತುದಿ ಎಲ್ಲಿವೆ ಅಂತ ತಿಳಿದರೆ ಸಾಕು.

ಇದೇ ಲೆಕ್ಕವನ್ನು ತಿರುಗಿಸಿ ರೆಕಾರ್ಡಿಂಗ್‌ಗೂ ಹಾಕಬಹುದು. ಒಟ್ಟು ಬೀಟ್‌ಗಳನ್ನು ನಿಮಿಷದಿಂದ ಭಾಗಿಸಿ. ಮರುಕಳಿಕೆಗಳನ್ನು ಎಣಿಸಲು ಮರೆಯಬೇಡಿ, ಕೊನೆಯಲ್ಲಿ ಎಳೆದ ಸ್ವರಕ್ಕೆ ಕೆಲವು ಸೆಕೆಂಡ್ ಕಳೆಯಿರಿ. ನಾಲ್ಕು ಜನ ಕಲಾವಿದರದ್ದು ಹೀಗೆ ಬರೆದಿಟ್ಟುಕೊಂಡರೆ ಒಳ್ಳೆಯ ಅಂದಾಜು ಸಿಗುತ್ತದೆ.

ಹೆಜ್ಜೆ 7: ಭಾವ

ಇಲ್ಲಿಗೆ ಬಂದಾಗ ಎಲ್ಲರೂ ಮೊದಲು ಕೇಳುವುದು, ಯಾವ ಕೀಗೆ ಯಾವ ಭಾವ? ಪಟ್ಟಿಗಳು ಇವೆ. ಫ್ರಾನ್ಸಿನ ಸಂಯೋಜಕ ಶಾರ್ಪಾಂತಿಯೇ 1690ರ ಆಸುಪಾಸಿನಲ್ಲಿ ಒಂದು ಕೊಟ್ಟ: ಡಿ ಮೇಜರ್ ಸಂತೋಷ ಮತ್ತು ಯುದ್ಧೋತ್ಸಾಹ, ಜಿ ಮೈನರ್ ಗಂಭೀರ ಮತ್ತು ಭವ್ಯ, ಡಿ ಮೈನರ್ ಗಂಭೀರ ಮತ್ತು ಭಕ್ತಿ, ಬಿ ಮೈನರ್ ಏಕಾಂತ ಮತ್ತು ವಿಷಾದ. ಹ್ಯಾಂಬರ್ಗ್‌ನ ಸಂಗೀತ ಬರಹಗಾರ ಮಾಟೆಸೊನ್ 1713ರಲ್ಲಿ ಇನ್ನೊಂದು ಕೊಟ್ಟ. ಅವನಿಗೆ ಜಿ ಮೈನರ್ ಹೆಚ್ಚುಕಮ್ಮಿ ಎಲ್ಲಕ್ಕಿಂತ ಚೆಂದದ ಕೀ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಜಾ. ಎಫ್ ಮೇಜರ್ ಶಾರ್ಪಾಂತಿಯೇಗೆ ಸಿಟ್ಟಿನ, ಆವೇಶದ ಕೀ. ಮಾಟೆಸೊನ್‌ಗೆ ಅದೇ ಕೀ ಔದಾರ್ಯ, ಪ್ರೀತಿ ಮುಂತಾದ ಚೆಂದದ ಭಾವನೆಗಳದ್ದು. ಹಾಗಾಗಿ ಪಟ್ಟಿಯನ್ನು ಪಂಚಾಂಗದ ಹಾಗೆ ನಂಬಿ ಕೂರಬೇಡಿ. ಅದರ ಹಿಂದಿನ ಕಾರಣಗಳನ್ನು ಹಿಡಿಯಿರಿ, ಅವು ಗಟ್ಟಿ.

ಒಂದನೇ ಕಾರಣ ತಂತಿ. ವಯಲಿನ್‌ನ ನಾಲ್ಕು ತಂತಿ ಜಿ, ಡಿ, ಎ, ಇ. ಡಿ ಮೇಜರ್‌ನಲ್ಲಿ ನಾಲ್ಕೂ ಆ ಕೀಯ ಸ್ವರಗಳೇ, ಹಾಗಾಗಿ ವಾದ್ಯವೇ ಅನುರಣಿಸುತ್ತದೆ. ಇ ಫ್ಲ್ಯಾಟ್, ಎ ಫ್ಲ್ಯಾಟ್ ಹೆಚ್ಚು ಬರುವ ಕೀಗಳಲ್ಲಿ ಬೆರಳೊತ್ತಿದ ಸ್ವರಗಳೇ ಜಾಸ್ತಿ, ದನಿ ಒಳಗೆಳೆದುಕೊಂಡಂತೆ. ಎರಡನೇ ಕಾರಣ ತುತ್ತೂರಿ. ಆ ಕಾಲದ ಕವಾಟ ಇಲ್ಲದ ಟ್ರಂಪೆಟ್‌ಗಳು ಹೆಚ್ಚಾಗಿ ಡಿ ಅಥವಾ ಸಿಯಲ್ಲಿದ್ದವು. ಹ್ಯಾಂಡೆಲ್‌ನ ಹಾಲೆಲೂಯಾ ಡಿ ಮೇಜರ್‌ನಲ್ಲಿ ಇರುವುದು ಕಾಕತಾಳೀಯ ಅಲ್ಲ. ಮೂರನೆಯದು ಹಾರ್ಪ್ಸಿಕಾರ್ಡ್‌ನ ಶ್ರುತಿ. ಮೀನ್‌ಟೋನ್ ರೀತಿಯ ಶ್ರುತಿಗಳಲ್ಲಿ ಕಮ್ಮಿ ಶಾರ್ಪ್, ಫ್ಲ್ಯಾಟ್ ಇರುವ ಕೀಗಳು ಸಿಹಿ, ದೂರದವು ಒರಟು. ಡಿ ಶಾರ್ಪ್ ಬೇಕಾದ ಕಡೆ ಇ ಫ್ಲ್ಯಾಟ್‌ಗೆ ಕಟ್ಟಿದ ತಂತಿಯೇ ಗತಿ, ಕಿವಿಗೆ ಚುಚ್ಚುತ್ತದೆ. ಶಾರ್ಪಾಂತಿಯೇ ಇ ಮೇಜರನ್ನು ಜಗಳಗಂಟಿ ಅಂದದ್ದು ಯಾಕೆ ಅಂತ ಈಗ ಅರ್ಥ ಆಗುತ್ತದೆ.

ಆದರೂ ಕೀ ಒಂದರಿಂದಲೇ ಭಾವ ಹೇಳಲು ಬರುವುದಿಲ್ಲ. ಕೊರೆಲ್ಲಿಯ ಓಪಸ್ 5ರ ಎಂಟನೇ ಸೊನಾಟಾ ತೆಗೆದುಕೊಳ್ಳಿ. ಪ್ರೆಲೂಡಿಯೊ ಲಾರ್ಗೊ, ಅಲ್ಲೆಮಾಂದ ಅಲೆಗ್ರೊ, ಸರಬಾಂದ ಲಾರ್ಗೊ, ಜೀಗಾ ಅಲೆಗ್ರೊ. ನಾಲ್ಕೂ ಇ ಮೈನರ್. ಕೊರಗು ಪ್ರೆಲೂಡಿಯೊದಲ್ಲಿ ಇದೆ, ಜೀಗಾಕ್ಕೆ ಬರುವಾಗ ಅದೇ ಕೀ ಕುಣಿಯುತ್ತಿರುತ್ತದೆ. ಇನ್ನೊಂದು ಕಡೆ, ಬಾಖ್‌ನ ಎರಡು ಸಿಸಿಲಿಯಾನಾಗಳನ್ನು ಹೋಲಿಸಿ. ಬಿಡಬ್ಲ್ಯುವಿ 1001ರ ಮೂರನೇ ಮೂವ್‌ಮೆಂಟ್ ಬಿ ಫ್ಲ್ಯಾಟ್ ಮೇಜರ್. ಹಾರ್ಪ್ಸಿಕಾರ್ಡ್ ಜೊತೆಗಿನ ಬಿಡಬ್ಲ್ಯುವಿ 1017ರ ಮೊದಲನೆಯದು ಸಿ ಮೈನರ್, ಲಾರ್ಗೊ. ತೂಗುವ ಲಯ ಎರಡರಲ್ಲೂ ಇದೆ. ಒಂದು ಬಿಸಿಲಲ್ಲಿ ಕೂತ ಹಾಗೆ, ಇನ್ನೊಂದು ಎದೆ ಹಿಂಡುತ್ತದೆ. ಇಲ್ಲಿ ಕೀಯದ್ದೇ ಆಟ. ಆದ್ದರಿಂದ ಲಯ ಒಂದೇ ಇದ್ದಾಗ ಕೀ ಕೇಳಿ, ಕೀ ಒಂದೇ ಇದ್ದಾಗ ಲಯ ಕೇಳಿ.

ಬಾಸ್ ಇಲ್ಲೂ ಮಾತಾಡುತ್ತದೆ. ಷಡ್ಜದಿಂದ ಪಂಚಮಕ್ಕೆ ನಾಲ್ಕು ಮೆಟ್ಟಿಲು ಇಳಿಯುವ ಬಾಸ್ ಮೈನರ್‌ನಲ್ಲಿ ಬಂದರೆ ಅದು ಶೋಕದ ಗುರುತು ಅಂತ ಹದಿನೇಳನೇ ಶತಮಾನದ ಕಿವಿಗಳಿಗೆ ಗೊತ್ತಿತ್ತು. ಬೀಬರ್ ರೋಸರಿ ಸೊನಾಟಾಗಳ ಕೊನೆಗೆ ಇಟ್ಟ ಒಂಟಿ ವಯಲಿನ್‌ನ ಪಾಸಕಾಲಿಯಾ ಇಡೀ ನಿಂತಿರುವುದು ಜಿ, ಎಫ್, ಇ ಫ್ಲ್ಯಾಟ್, ಡಿ ಅನ್ನುವ ಈ ನಾಲ್ಕು ಸ್ವರಗಳ ಮೇಲೆ. ಅರ್ಧರ್ಧ ಸ್ವರವಾಗಿ ಇಳಿದರೆ ನೋವು ಇನ್ನೂ ಹೆಚ್ಚು. ವಯಲಿನ್ ಸಾಲಿನಲ್ಲಿ ಎರಡೆರಡು ಸ್ವರ ಸ್ಲರ್‌ನಲ್ಲಿ ಕೆಳಗಿಳಿದರೆ ನಿಟ್ಟುಸಿರು. ಚೂಪಾದ ಡಾಟ್ ಲಯ ಬಂದರೆ ದರ್ಬಾರು.

ಒಂಟಿ ವಯಲಿನ್‌ನಲ್ಲಿ ಬಾಸ್ ಎಲ್ಲಿ?

ಬಾಖ್‌ನ ಅಡಾಜಿಯೊಗೆ ಮರಳೋಣ. ಮೊದಲ ಅಕಾರ್ಡ್ ನಾಲ್ಕೂ ತಂತಿಗಳ ಮೇಲೆ: ಜಿ, ಡಿ, ಬಿ ಫ್ಲ್ಯಾಟ್, ಜಿ. ಕೆಳಗಿನ ಎರಡು ಸ್ವರ ಬೆರಳೇ ಇಡದ ಖಾಲಿ ತಂತಿಗಳು. ಜಿ ಮೈನರ್‌ನ ಷಡ್ಜ ಪಂಚಮ ಎರಡೂ ವಾದ್ಯಕ್ಕೆ ಹುಟ್ಟಿನಿಂದಲೇ ಸಿಕ್ಕಿವೆ. ಕಟ್ಟಡದ ತಳಪಾಯ ಹಾಕಿದಂತಿರುವ ಈ ದನಿಯಲ್ಲೇ ಗಂಭೀರ ಮತ್ತು ಭವ್ಯ ಅನ್ನುವ ಮಾತಿಗೆ ಆಧಾರ ಸಿಗುತ್ತದೆ.

ಆಮೇಲೆ ಸಣ್ಣ ಸ್ವರಗಳ ಹರಿವು, ಮತ್ತೆ ಅಕಾರ್ಡ್, ಮತ್ತೆ ಹರಿವು. ಪೆನ್ಸಿಲ್ ತೆಗೆದುಕೊಂಡು ಪ್ರತಿ ಅಕಾರ್ಡ್‌ನ ಕೆಳಗಿನ ಸ್ವರಕ್ಕೆ ಮಾತ್ರ ಸುತ್ತು ಹಾಕಿ. ಅದೇ ನಿಮ್ಮ ಬಾಸ್. ಸಣ್ಣ ಸ್ವರಗಳನ್ನೆಲ್ಲ ಬಿಟ್ಟು ಅಕಾರ್ಡ್‌ಗಳನ್ನಷ್ಟೇ ಒಂದರ ಹಿಂದೆ ಒಂದು ನುಡಿಸಿ. ಒಂದು ಸರಳ, ನಿಧಾನವಾದ ನಡೆ ಹೊರಬರುತ್ತದೆ. ನಡುವಿನದೆಲ್ಲ ಅಲಂಕಾರ. ಸಾಮಾನ್ಯವಾಗಿ ಕಲಾವಿದರು ಸ್ಥಳದಲ್ಲೇ ಕಲ್ಪಿಸಿ ನುಡಿಸುತ್ತಿದ್ದ ಅಲಂಕಾರವನ್ನು ಬಾಖ್ ಅಕ್ಷರಶಃ ಬರೆದುಬಿಟ್ಟ. ಇದನ್ನು ನೋಡಲು ಇನ್ನೊಂದು ದಾರಿ: 1710ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ರೋಜೆ ಪ್ರಕಟಿಸಿದ ಕೊರೆಲ್ಲಿ ಓಪಸ್ 5 ತೆರೆಯಿರಿ. ನಿಧಾನ ಮೂವ್‌ಮೆಂಟ್‌ಗಳಲ್ಲಿ ಸರಳ ಸಾಲಿನ ಮೇಲೆ ಇನ್ನೊಂದು ಸಾಲು, ಕೊರೆಲ್ಲಿ ಹೀಗೆ ನುಡಿಸುತ್ತಿದ್ದ ಅನ್ನುವ ಅಲಂಕಾರ ಸಮೇತ, ಅಚ್ಚಾಗಿದೆ. ಮೂಳೆ ಯಾವುದು, ಬಟ್ಟೆ ಯಾವುದು ಅಂತ ಒಂದೇ ಪುಟದಲ್ಲಿ ಕಾಣುತ್ತದೆ.

ಟೆಂಪೊ ಹಿಡಿಯಬೇಕಾದದ್ದು ಮೂಳೆಗೆ. ಅಕಾರ್ಡ್‌ಗಳ ನಡೆ ಸ್ಥಿರವಾಗಿರಲಿ, ಅದರೊಳಗೆ ಸಣ್ಣ ಸ್ವರಗಳು ಸ್ವಲ್ಪ ಹಿಂದೆ ಮುಂದೆ ಆಗಲಿ. ಪ್ರತಿ ಪುಟ್ಟ ಸ್ವರವನ್ನೂ ಮೆಟ್ರೊನೋಮ್‌ಗೆ ಕಟ್ಟಿದರೆ ಅಭ್ಯಾಸಪಾಠದಂತೆ ಕೇಳುತ್ತದೆ. ನಡುಭಾಗ ದಾಟಿದ ಮೇಲೆ ಆರಂಭದ ಮಾತು ಸಿ ಮೈನರ್‌ನಲ್ಲಿ ಮರಳಿ ಬರುತ್ತದೆ. ಹೆಜ್ಜೆ 3ರಲ್ಲಿ ಗುರುತು ಮಾಡಿಕೊಂಡಿದ್ದರೆ ಇಲ್ಲಿ ಉಪಯೋಗಕ್ಕೆ ಬಂತು. ಮೊದಲ ಸಲ ಇದ್ದ ಖಾಲಿ ತಂತಿಗಳ ತುಂಬುದನಿ ಈಗ ಇಲ್ಲ, ಅದೇ ಮಾತು ಸ್ವಲ್ಪ ಮಸುಕಾಗಿ ಕೇಳುತ್ತದೆ. ಜೋರು ಮೆಲ್ಲಗೆ ಅಂತ ಬಾಖ್ ಬರೆಯಬೇಕಾದ ಅಗತ್ಯವೇ ಬೀಳಲಿಲ್ಲ, ಕೀ ಬದಲಿಸಿಯೇ ಆ ಕೆಲಸ ಮಾಡಿದ.

ಪುಟದ ಮೇಲೆ ಒಂದು ಸಾಲು

ಇಷ್ಟೆಲ್ಲ ಆದ ಮೇಲೆ ಮೂವ್‌ಮೆಂಟಿನ ತಲೆಯ ಮೇಲೆ ಪೆನ್ಸಿಲ್‌ನಲ್ಲಿ ಒಂದೇ ಸಾಲು ಬರೆಯಿರಿ. ಬಾಖ್‌ಗೆ ನನ್ನದು ಹೀಗಿದೆ: ಜಿ ಮೈನರ್, ನಡುವೆ ಸಿ ಮೈನರ್, ನಿಮಿಷಕ್ಕೆ ಕ್ವೇವರ್ 46ರಿಂದ 54, ಗಂಭೀರ, ಆದರೆ ಅಳುವಿಲ್ಲ. ಸಂಖ್ಯೆ ಒಂದೇ ಬೇಡ, ಒಂದು ಹರವು ಇರಲಿ. ಕಲ್ಲಿನ ಚರ್ಚ್‌ನಲ್ಲಿ ದನಿ ಉಳಿಯುತ್ತದೆ, ಅಲ್ಲಿ ನಿಧಾನ ಸಲ್ಲುತ್ತದೆ. ಪರದೆ, ಸೋಫಾ ತುಂಬಿದ ಮನೆಯ ಹಾಲ್‌ನಲ್ಲಿ ಅದೇ ವೇಗ ಒಣಗುತ್ತದೆ, ಸ್ವಲ್ಪ ಮುಂದೆ ತಳ್ಳಬೇಕು. ಗಟ್ ತಂತಿಯೋ ಉಕ್ಕಿನ ತಂತಿಯೋ ಅನ್ನುವುದರ ಮೇಲೂ ವ್ಯತ್ಯಾಸ ಆಗುತ್ತದೆ.

ಮುಂದಿನ ಅಭ್ಯಾಸಕ್ಕೆ ಹ್ಯಾಂಡೆಲ್‌ನ ಡಿ ಮೇಜರ್ ಸೊನಾಟಾದ ಮೂರನೇ ಮೂವ್‌ಮೆಂಟ್ ತೆಗೆದುಕೊಳ್ಳಿ. ಲಾರ್ಗೆಟ್ಟೊ, 3/4, ಬಿ ಮೈನರ್. ಕೀ ಬಗ್ಗೆ ಶಾರ್ಪಾಂತಿಯೇ, ಮಾಟೆಸೊನ್ ಇಬ್ಬರೂ ಒಪ್ಪುವ ಅಪರೂಪದ ಜಾಗ ಇದು, ಇಬ್ಬರಿಗೂ ಬಿ ಮೈನರ್ ವಿಷಾದವೇ. ಹಿಂದೆ ಮುಂದೆ ಎರಡು ಡಿ ಮೇಜರ್ ಅಲೆಗ್ರೊಗಳಿವೆ. ಬಾಸ್ ಸಾಲಿಗೆ ಬೆರಳಿಟ್ಟು ಶುರು ಮಾಡಿ, ವಯಲಿನ್ ಸಾಲನ್ನು ಒಂದು ಹಾಳೆಯಿಂದ ಮುಚ್ಚಿಟ್ಟುಕೊಳ್ಳಿ.